ಮಸಗುಪ್ಪಿಯಲ್ಲಿ ಕಾದಂಬರಿ ಹಚ್ಚಿದ ಶ್ರಾವಣ

೧೯೪೧ರಲ್ಲಿ ನಾನು ಗೋಕಾಕದ ಒಂದು ಸಾರ್ವಜನಿಕ ವಾಚನಾಲಯದಲ್ಲಿ ಸಹಾಯಕ ಗ್ರಂಥಪಾಲನಾಗಿದ್ದೆ. ಪಟ್ಟಣದ ವ್ಯಾಪಾರಸ್ಥರು, ವಕೀಲರು ಸೇರಿ ಕಟ್ಟಿದ ಸಂಘವೊಂದು ಅದನ್ನು ನಡೆಸುತ್ತಿತ್ತು. ಆಗ ನಮ್ಮ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ದೊಡ್ಡವರಿಗೂ ಅಕ್ಷರ ಮುಟ್ಟಿಸಬೇಕೆಂಬ ಹುಮ್ಮಸ್ಸು ಎಲ್ಲೆಡೆ ಇತ್ತು. ನಮ್ಮ ಸಂಘದವರೂ ಹಿಂದೆ ಬೀಳಬಾರದೆಂದು ‘ಸಂಚಾರಿ ಪೆಟ್ಟಿಗೆ’ ಎಂಬ ಯೋಜನೆ ಹಾಕಿದರು. ತಗಡಿನ ಟ್ರಂಕಿನಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿಗೆ ಹೋಗಬೇಕು. ಕೆಲವು ವಾರ ಅಲ್ಲೇ ತಳವೂರಿ, ಓದು ಬಾರದ ದೊಡ್ಡವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಮುಲ್ಕಿ, ಅಂದರೆ ಏಳನೆಯ ಇಯತ್ತೆಯ ಪರೀಕ್ಷೆ, ಮುಗಿಸಿ ಹೊಲಕ್ಕೆ ಇಳಿದ ಹರೆಯದ ಹುಡುಗರು ಕಲಿತದ್ದನ್ನು ಮರೆಯದಂತೆ ಅವರಿಗೂ ಪುಸ್ತಕ ಹಂಚಬೇಕು. ಇಷ್ಟಕ್ಕೂ ಆರಿಸಿದ್ದು ನನ್ನನ್ನು. ಕಾರಣ ನನ್ನ ಯೋಗ್ಯತೆಯಲ್ಲ. ವಾಚನಾಲಯದಲ್ಲಿ ಲಗ್ನವಾಗದೆ ಉಳಿದವನು ನಾನೊಬ್ಬನೇ.

ಮೊದಲ ಊರು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ಅಲ್ಲಿ ಗೊಬ್ಬರದ ವಿಷಯದ ಪುಸ್ತಕ ಓದಲು ಕೂತೆ. ರೈತರ ಎದುರು ಗೊಬ್ಬರದ ಪಾಠ! ಒಬ್ಬೊಬ್ಬರೇ ಎದ್ದು, ಪಂಚೆ ಕೊಡವಿಕೊಂಡು, ನನಗೆ ನಮಸ್ಕಾರವನ್ನೂ ಮಾಡಿ ಹೋದರು. ಹುಡುಗರು ಟ್ರಂಕಿನಲ್ಲಿದ್ದ ಸಚಿತ್ರ ಮಾಸಿಕಗಳನ್ನು ಮಾತ್ರ ಕಿತ್ತಾಡಿಕೊಂಡು ನೋಡಿದರು. ವರದಿಯಲ್ಲಿ ‘ಕಾರ್ಯಕ್ರಮ ಸಾಂಗವಾಗಿ ನೆರವೇರಿತು’ ಎಂದು ಬರೆದೆ.

ಎರಡನೆಯ ಊರು ಮೂಡಲಗಿ ಕಡೆಯ ಮಸಗುಪ್ಪಿ. ನಾನು ಹೋದದ್ದು ಶ್ರಾವಣದ ಆರಂಭಕ್ಕೆ. ಶ್ರಾವಣ ಬಂತೆಂದರೆ ಆ ಊರಿನ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳೊಬ್ಬರು ಪೀಠದ ಮೇಲೆ ಕೂತು ತಿಂಗಳಿಡೀ ಶರಣರ ಕತೆ ಓದುತ್ತಾರೆ, ಊರಿಗೆ ಊರೇ ಕೂತು ಕೇಳುತ್ತದೆ, ಕೊನೆಯ ದಿನ ಮಂಗಲವೆಂದು ಊಟ ಹಾಕುತ್ತಾರೆ. ಆ ವರ್ಷ ಬರಬೇಕಿದ್ದ ಶಾಸ್ತ್ರಿಗಳು ಜಡ್ಡಿನಲ್ಲಿ ಮಲಗಿದ್ದರು. ಪೀಠ ಖಾಲಿ ಬಿಡುವುದು ಊರಿಗೆ ಒಳ್ಳೆಯದಲ್ಲ ಎಂದು ಗೌಡರಿಗೆ ಚಿಂತೆ. ನನ್ನ ಟ್ರಂಕನ್ನು ನೋಡಿದ್ದೇ ತಡ, ಅವರ ಮುಖ ಅರಳಿತು.

“ಬುಕ್ಕಿನ ಮಾಸ್ತರ, ದೇವರ ಕಳಿಸಿದಂಗ ಬಂದೀರಿ. ಈ ಸಲ ನೀವ ಹಚ್ರಿ,” ಎಂದರು.

“ಪುರಾಣ ನನ್ನ ಕಡೆ ಇಲ್ರಿ ಗೌಡ್ರ. ಕಾದಂಬರಿ ಅದಾವ,” ಎಂದೆ.

“ಒಳ್ಳೇ ಮಂದೀ ಕಥಿ ಹೌದಲ್ರಿ? ಹಂಗಾರ ಅದನ್ನ ಹಚ್ರಿ.”

ಹೀಗೆ ಒಂದು ಕಾದಂಬರಿ ಪುರಾಣದ ಪೀಠ ಏರಿತು. ಯಾವುದೋ ಪಟ್ಟಣದ ಬಡ ಗಂಡಹೆಂಡಿರ ಕತೆ. ಪುಸ್ತಕ ಆಗಷ್ಟೇ ನಮ್ಮ ವಾಚನಾಲಯಕ್ಕೆ ಬಂದಿತ್ತು, ನಾನು ಅರ್ಧ ಮಾತ್ರ ಓದಿದ್ದೆ. ಯುದ್ಧದ ಕಾಲ, ಚಿಮಣಿ ಎಣ್ಣೆ ಸಿಗುವುದು ದುಸ್ತರ. ಹಾಗಾಗಿ ರಾತ್ರಿಯ ಬದಲು ಹೊತ್ತು ಮುಳುಗುವ ಮುಂಚೆಯೇ ಓದು ಮುಗಿಸುತ್ತಿದ್ದೆವು. ಜನ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಓದುವ ಮುನ್ನ ಕಾಯಿ ಒಡೆಯುವುದು, ಓದಾದ ಮೇಲೆ ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತಿಡುವುದು. ಅದನ್ನು ನಾನು ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಹುಡುಗರಿಗೂ ಇದು ಬಲು ರುಚಿಸಿತು; ಮಠದ ಕಟ್ಟೆಯ ಮೇಲೆ ಅವರದೇ ಗುಂಪು ಕೂರುತ್ತಿತ್ತು. ಮುದುಕರು ನನ್ನ ಕಾಲಿಗೆ ಬೀಳುತ್ತಿದ್ದರು. ಸಹಾಯಕ ಗ್ರಂಥಪಾಲನಿಗೆ ಅದುವರೆಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ತಡೆಯಬೇಕೆಂದು ಅನ್ನಿಸಿತ್ತು, ತಡೆಯಲಿಲ್ಲ. ಹಿತವಾಗಿತ್ತು.

ಪುರಾಣದಲ್ಲಿ ಶರಣರ ಜನನದ ಭಾಗ ಬಂದ ದಿನ ಆ ಕಡೆ ತೊಟ್ಟಿಲು ಕಟ್ಟುತ್ತಾರೆ. ನನ್ನ ಕಾದಂಬರಿಯ ನಾಯಕಿಗೆ ಗಂಡುಮಗು ಹುಟ್ಟಿತು. ಮರುದಿನ ಬಂದು ನೋಡುತ್ತೇನೆ, ಪೀಠದ ಮುಂದೆ ತೊಟ್ಟಿಲು! ಒಳಗೆ ಕೂಸಿನ ಕುಂಚಿಗೆ ತೊಡಿಸಿದ ತೆಂಗಿನಕಾಯಿ, ಬಾಜೂಕ್ಕೆ ಬುಟ್ಟಿ ತುಂಬ ಗುಗ್ಗರಿ. ಹೆಂಗಸರು ಜೋಗುಳ ಹಾಡಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಮಾನವನ್ನು ನೀಲವ್ವ ಎಂಬಾಕೆಗೆ ಕೊಟ್ಟರು. ಲಗ್ನವಾಗಿ ಬಹಳ ವರ್ಷ ಕಳೆದರೂ ಆಕೆಗೆ ಮಕ್ಕಳಿರಲಿಲ್ಲ. ಇಂಥ ತೊಟ್ಟಿಲು ತೂಗಿದವರ ಮಡಿಲು ತುಂಬುತ್ತದೆಂದು ಊರವರ ನಂಬಿಕೆ. ನೀಲವ್ವ ಬಗ್ಗಿ, ತೆಂಗಿನಕಾಯಿಗೆ “ಗುರುಪಾದ” ಎಂದು ಮೆಲ್ಲಗೆ ಹೇಳಿದಳು. ಪುಸ್ತಕದಲ್ಲಿದ್ದ ಹೆಸರು ಬೇರೆ. ಅಂದಿನಿಂದ ನಾನೂ ಗುರುಪಾದ ಎಂದೇ ಓದತೊಡಗಿದೆ.

ಆಗ ಆಕೆಯ ಅತ್ತೆ ಗುರವ್ವ ಎಲ್ಲರ ಮುಂದೆ ಎದ್ದು ನಿಂತು ಹೇಳಿದ ಮಾತು ನನ್ನ ಎದೆಯಲ್ಲಿ ಉಳಿಯಿತು. “ಮಗಗ ಇನ್ನೊಂದ ಲಗ್ನ ಮಾಡಾಕ ಹೆಣ್ಣ ನೋಡಿಟ್ಟೇನಿ. ಆದ್ರ ಈ ತೊಟ್ಟಲದ ಕೂಸು ತಣ್ಣಗ ಬೆಳೀತಂದ್ರ, ಮುಂದಿನ ಶ್ರಾವಣದ ಮಟಾ ಕಾಯ್ತೇನಿ.”

ನೀಲವ್ವ ತಲೆಯೆತ್ತಿ ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು.

ಮರುದಿನ ಬೆಳಿಗ್ಗೆ ಮುಂದಿನ ಅಧ್ಯಾಯ ತೆರೆದೆ. ಕೂಸಿಗೆ ಜ್ವರ ಬರುತ್ತದೆ, ಅಧ್ಯಾಯ ಮುಗಿಯುವುದರೊಳಗೆ ಸಾಯುತ್ತದೆ. ಪುಸ್ತಕದ ಉಳಿದರ್ಧವೆಲ್ಲ ಆ ತಾಯಿಯ ಗೋಳು. ಗೌಡರ ಬಳಿ ಹೋಗಿ ಹೇಳಬಹುದಿತ್ತು. ನೀಲವ್ವನ ಮನೆಗೆ ಹೋಗಿ ಹೇಳಬಹುದಿತ್ತು. ನಾನು ಅವೆರಡನ್ನೂ ಬಿಟ್ಟು ಸಂಜೆ ಪೀಠದ ಮೇಲೆ ಕೂತು, ಪುಸ್ತಕ ಬಿಡಿಸಿ, ಕೂಸಿನ ಜ್ವರ ಇಳಿಯಿತು ಎಂದು ಓದಿದೆ. ಕೇಳುಗರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಆ ಕ್ಷಣ ನಾನೇನೋ ದೊಡ್ಡ ಪುಣ್ಯ ಕಟ್ಟಿಕೊಂಡೆ ಎಂದುಕೊಂಡೆ.

ಆಮೇಲೆ ದಿನವೂ ಅದೇ ಕೆಲಸ. ಮುಂಜಾನೆ ಹೊಲದ ಬದುವಿನ ಮೇಲೆ ಕೂತು ಕತೆ ಹೊಸೆಯುವುದು, ಸಂಜೆ ಹದವರಿತು ಹಾಳೆ ತಿರುವುತ್ತ ‘ಓದುವುದು’. ಗುರುಪಾದನಿಗೆ ಹಲ್ಲು ಬಂದವು. ಅಂಬೆಗಾಲಿಟ್ಟ. ತಂದೆಯ ಮೀಸೆ ಎಳೆದ. ದಾರಿಯಲ್ಲಿ ಸಿಕ್ಕ ಹೆಂಗಸರು “ಇವತ್ತ ನಡಿಯಾಕ ಕಲಿತಾನೇನ್ರಿ ಮಾಸ್ತರ?” ಎಂದು ಕೇಳುತ್ತಿದ್ದರು. ನೀಲವ್ವ ಬೇಗ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅತ್ತೆ ಆಕೆಯೊಂದಿಗೆ ನಗುತ್ತ ಮಾತಾಡುವುದನ್ನು ನಾನೇ ಕಂಡೆ. ನನ್ನ ಸುಳ್ಳಿಗೆ ಇನ್ನೇನು ಸಾಕ್ಷಿ ಬೇಕು? ನನ್ನ ಮಾತೇ ನನಗೆ ಪುಸ್ತಕದ ಮಾತಿಗಿಂತ ಚೆಂದ ಕಾಣತೊಡಗಿತು.

ಮಂಗಲದ ದಿನಕ್ಕೆ ನಮ್ಮ ಸಂಘದ ಕಾರ್ಯದರ್ಶಿಗಳನ್ನು ಕರೆಸಿದೆ. ಅವರು ಗೋಕಾಕದ ವಕೀಲರು, ಓದಿನ ಹುಚ್ಚಿನವರು. ಮಠ ಕಿಕ್ಕಿರಿದದ್ದನ್ನು ಕಣ್ಣಾರೆ ನೋಡಿ ನನ್ನ ಬೆನ್ನು ತಟ್ಟಲಿ ಎಂಬುದು ನನ್ನ ಆಸೆ. ಅವರು ಆ ಕಾದಂಬರಿ ಓದಿರಬಹುದು ಎಂಬ ಯೋಚನೆ, ನಂಬಿ, ನನ್ನ ತಲೆಯಲ್ಲಿ ಸುಳಿಯಲೇ ಇಲ್ಲ. ಹೊಗಳಿಕೆಯ ಆಸೆ ಮನುಷ್ಯನನ್ನು ಅಷ್ಟು ಮಂಕು ಮಾಡುತ್ತದೆ.

ನಾನು ಗುರುಪಾದನನ್ನು ಶಾಲೆಗೆ ಸೇರಿಸಿ ಕತೆ ಮುಗಿಸುವ ಹೊತ್ತಿಗೆ ಅವರ ಬಂಡಿ ಬಂತು. ಓದನ್ನು ಅವರು ಕೇಳಲಿಲ್ಲ. ನೇರ ಬಂದವರು ಹಾರ ಹಾಕಿಸಿಕೊಂಡು ಮಾತಿಗೆ ನಿಂತರು.

“ಇಂಥ ಕಾದಂಬರಿಯನ್ನು ಕೂತು ಕೇಳಿದ ನಿಮ್ಮನ್ನು ಮೆಚ್ಚಬೇಕು. ಆ ಎಳೆ ಕೂಸು ತಾಯಿಯ ತೊಡೆಯ ಮೇಲೆ ಕಣ್ಣು ಮುಚ್ಚುವುದನ್ನು ಓದಿ ನನ್ನಂಥ ವಕೀಲನೂ ಅತ್ತುಬಿಟ್ಟ. ನೀವು ಹೇಗೆ ತಡೆದುಕೊಂಡಿರೋ!”

ಮೊದಲು ಎಲ್ಲರೂ ನನ್ನತ್ತ ನೋಡಿದರು, ಆಮೇಲೆ ನೀಲವ್ವನತ್ತ. ಕಾರ್ಯದರ್ಶಿಗಳು ಏನೂ ತಿಳಿಯದೆ ಮಾತು ನಿಲ್ಲಿಸಿದರು. ಗುರವ್ವ ಎದ್ದಳು.

“ಮಾಸ್ತರ, ಖರೆ ಹೇಳ್ರಿ. ಕೂಸು ಉಳಿದೈತೋ ಇಲ್ಲೋ?”

“ಬುಕ್ಕಿನ್ಯಾಗ ಉಳದಿಲ್ರಿ ಅವ್ವಾರ,” ಎಂದೆ.

“ಯಾವತ್ತ ಸತ್ತಿತು?”

“ತೊಟ್ಟಲಾ ಹಾಕಿದ ಮರುದಿನ.”

ಗೌಡರು ಒಂದೇ ಮಾತು ಆಡಿದರು. “ಪೀಠದ ಮ್ಯಾಲ ಕುಂತು ಹಿಂಗ ಮಾಡಿದ್ರೇನ್ರಿ?” ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇಷ್ಟಾದರೂ ಊಟಕ್ಕೆ ಮೊದಲ ಪಂಕ್ತಿಯಲ್ಲಿ ನನ್ನನ್ನೇ ಕೂರಿಸಿದರು. ಬಂದ ಅತಿಥಿಗೆ ಎರಡು ಬಗೆ ಮಾಡುವ ಜನ ಅವರಲ್ಲ. ಅಷ್ಟು ದಿನ ಕಾಲಿಗೆ ಬೀಳುತ್ತಿದ್ದ ಮುದುಕರು ಎದುರು ಬಂದಾಗ ನಾನೇ ಮುಖ ತಿರುಗಿಸಿದೆ. ಕಾರ್ಯದರ್ಶಿಗಳು ಬಂಡಿ ಹತ್ತುವಾಗ, “ಹಳ್ಳಿಯವರಿಗೆ ಕಾದಂಬರಿ ಅಂದರೇನು ಅಂತ ಮೊದಲು ತಿಳಿಸಿ ಹೇಳಬೇಕಾಗಿತ್ತು,” ಎಂದು ನಕ್ಕರು. ನಗುವಂಥದ್ದು ಊರವರಲ್ಲಿ ಏನೂ ಇರಲಿಲ್ಲ. ಹಾಗೆಂದು ಅವರಿಗೆ ಹೇಳುವ ಮುಖ ನನಗಿರಲಿಲ್ಲ.

ಮರುದಿನ ಟ್ರಂಕು ಕಟ್ಟುತ್ತಿದ್ದಾಗ, ಪುಸ್ತಕ ತೆಗೆದುಕೊಂಡು ಬರಬೇಕೆಂದು ನೀಲವ್ವನ ಮನೆಯಿಂದ ಕರೆ ಬಂತು. ಬೈಗುಳ ತಿನ್ನಲೆಂದೇ ಹೋದೆ. ಪಡಸಾಲೆಯಲ್ಲಿ ಆಕೆ ಒಂದು ಕಂಬಳಿ ಹಾಸಿದ್ದಳು. ಅತ್ತೆ ಒಳಗಿನ ಹೊಸ್ತಿಲ ಬಳಿ ಕೂತಿದ್ದಳು. ನಾನು ನಿಂತೇ, “ನಿಮ್ಮ ಸಲುವಾಗಿನ ಹಂಗ ಓದಿದ್ನಿರಿ, ತಂಗೆವ್ವ,” ಎಂದೆ.

“ನನ್ನ ಸಲುವಾಗಿ ಅಂತೀರಿ. ನನ್ನ ಒಂದ ಮಾತು ಕೇಳಿದ್ರೇನ್ರಿ?” ಎಂದಳು. ದನಿಯೇರಿಸಲಿಲ್ಲ. “ಹೆಸರಿಟ್ಟಾಕಿ ನಾನು. ಕೂಸು ಸತ್ತಿದ್ದನ್ನ ಮಂದಿಗಿಂತ ಮೊದಲ ನನಗ ಹೇಳಬೇಕಿತ್ತಲ್ರಿ. ಊರ ಮುಂದ ಕುಂತು ಕೇಳೂವಂಗ ಮಾಡಿದ್ರಿ.”

ಆಕೆ ಕಂಬಳಿಯ ಕಡೆ ಕೈ ತೋರಿಸಿದಳು.

“ಈಗ ಇದ್ದದ್ದನ್ನ ಓದ್ರಿ,” ಎಂದಳು.

ಕಂಬಳಿಯ ಮೇಲೆ ಕೂತು ಆ ಅಧ್ಯಾಯವನ್ನು ಬರೆದಂತೆಯೇ ಓದಿದೆ. ಕೂಸಿನ ಉಸಿರು ನಿಲ್ಲುವ ಕಡೆ ನನ್ನ ದನಿ ಕಟ್ಟಿತು. ನೀಲವ್ವ ಅಳಲಿಲ್ಲ, ಅವಸರವನ್ನೂ ಮಾಡಲಿಲ್ಲ, ನಾನು ಸುಧಾರಿಸಿಕೊಳ್ಳುವ ತನಕ ಕಾಯುತ್ತ ಕೂತಳು. ಅಧ್ಯಾಯ ಮುಗಿದ ಮೇಲೆ ಒಳಗೆ ಹೋಗಿ ಒಂದು ಚರಿಗೆ ನೀರು ತಂದಿಟ್ಟಳು. ಗುರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಗೌಡರು ಸಂತೆಗೆಂದು ಗೋಕಾಕಕ್ಕೆ ಬಂದಿದ್ದಾಗ, ನೀಲವ್ವನ ಗಂಡನಿಗೆ ಎರಡನೆಯ ಲಗ್ನವಾಯಿತೆಂದು ತಿಳಿಸಿದರು. “ನೀವ ಕಾರಣ ಅಲ್ರಿ. ಮುದಕಿ ಮನಸ್ಸಿನ್ಯಾಗ ಅದು ಮೊದಲಿಂದ ಇತ್ತು,” ಎಂದು ಸಮಾಧಾನವನ್ನೂ ಹೇಳಿದರು. ಅದು ನಿಜವೇ ಇರಬಹುದು. ಆದರೆ ಗುರವ್ವ ಒಂದು ವರ್ಷ ಕಾಯುತ್ತೇನೆಂದು ಬಾಯಿಬಿಟ್ಟು ಹೇಳಿದ್ದಳು. ಆ ಒಂದು ವರ್ಷವೂ ನೀಲವ್ವನಿಗೆ ಸಿಗಲಿಲ್ಲ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ತಲೆ ತಾನಾಗಿ ತಗ್ಗುತ್ತದೆ.

ವಾಚನಾಲಯದ ಕೆಲಸ ನನಗೆ ಕಲಿಸಿದ್ದು ಬಹಳವಿದೆ, ಆದರೆ ಇದು ಎಲ್ಲಕ್ಕಿಂತ ಮೇಲಿನದು: ಕೇಳಲು ಬಂದವರನ್ನು ಕೈಲಾಗದವರೆಂದು ತಿಳಿಯಬಾರದು. ಅವರ ಪರವಾಗಿ ನಾವು ಹೆದರಿ, ಅದಕ್ಕೆ ಕರುಣೆ ಎಂದು ಹೆಸರಿಡಬಾರದು. ಅಂದಿನಿಂದ ಕೊನೆಯ ಪುಟದವರೆಗೆ ಓದದ ಪುಸ್ತಕವನ್ನು ನಾನು ಜನರ ಮುಂದೆ ತೆರೆದಿಲ್ಲ, ಒಂದು ಪದವನ್ನೂ ಬದಲಿಸಿಲ್ಲ.

ಮುಂದಿನ ವರ್ಷ ನನ್ನನ್ನು ಘೋಡಗೇರಿಗೆ ಕಳಿಸಿದರು. ಟ್ರಂಕಿನಲ್ಲಿ ಬೇರೊಂದು ಕಾದಂಬರಿ ಇತ್ತು. ಹೆಂಗಸರು, ಗಂಡಸರು, ಹರೆಯದ ಹುಡುಗರು ಬಂದು ಕೂತರು. ಪುಸ್ತಕ ಬಿಡಿಸುವ ಮುಂಚೆಯೇ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಕೇಳಿದಳು:

“ಮಾಸ್ತರ, ಇದರಾಗ ಯಾರರೆ ಸಾಯ್ತಾರೇನ್ರಿ?”

ಮಸಗುಪ್ಪಿಯ ಸುದ್ದಿ ನನಗಿಂತ ಮೊದಲೇ ಆ ಊರು ಮುಟ್ಟಿತ್ತು. ಹುಡುಗರು ಮುಸಿಮುಸಿ ನಕ್ಕರು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, “ಸಾಯ್ತಾರ್ರಿ, ಆಯಿ. ಕಡೀಕ ಮಗಳು ಸಾಯ್ತಾಳ,” ಎಂದೆ.

ಆಕೆ ಸುತ್ತ ಕೂತವರ ಮುಖ ನೋಡಿದಳು. ಯಾರೂ ಏಳಲಿಲ್ಲ.

“ಹಂಗಾರ ಇದ್ದದ್ದ ಇದ್ದಂಗ ಓದ್ರಿ,” ಎಂದಳು, “ಕೇಳತೀವಿ.”