ಚೀಲದ ದಾರಕ್ಕೆ ಕಟ್ಟಿದ ಕೀಲಿ

ತಂಗಿ ಕೊಡು ಅಂದದ್ದನ್ನು ನಾನು ಕೊಡಲಿಲ್ಲ.

ಇಂಡಿ ಊರಿನ ಪೇಟೆಯಲ್ಲಿ ಲಿಂಬೆ ಚೀಲದ ಬಾಯಿ ಹೊಲಿಯುವುದು ನನ್ನ ಕೆಲಸ. ಇವತ್ತು ಮುಂಜಾನೆ ಹೊಸ ದಾರದ ಉಂಡೆ ಬಿಚ್ಚಿದೆ. ಲಿಂಬೆ ವಾಸನೆಯ ಜೊತೆಗೇ ತಂಗಿ ನೆನಪಿಗೆ ಬಂದಳು... ಇಂಥದೇ ನೀಲಿ ದಾರ ಒಯ್ದು ತನ್ನ ಕೀಲಿಗೆ ಕಟ್ಟಿಕೊಂಡಿದ್ದಳು. ಬಾಗಿಲ ಕೀಲಿಯಲ್ಲ, ಕಂಪ್ಯೂಟರಿಗೆ ಚುಚ್ಚುವ, ಹೆಬ್ಬೆರಳಿನಷ್ಟು ಕೀಲಿ.

ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅವಳು ಜನರ ಅರ್ಜಿ ತುಂಬುತ್ತಿದ್ದಳು. ಕೊನೆಯ ಪುಟಕ್ಕೆ ಬಂದಾಗ ನೆಟ್‌ವರ್ಕ್ ಹೋಗುತ್ತಿತ್ತು, ತುಂಬಿದ್ದೆಲ್ಲ ಅಳಿಸುತ್ತಿತ್ತು. ಝಳಕಿಯಿಂದ ಬಂದವರು ಬೈದುಕೊಳ್ಳುತ್ತಾ ಮರಳುತ್ತಿದ್ದರು. ಅದಕ್ಕೇ ಪ್ಯಾಕೇಜ್ ಅನ್ನುವ ಒಂದು ಸಣ್ಣ ಪ್ರೋಗ್ರಾಂ ಬರೆದಳು. ವೆಬ್‌ಸೈಟ್ ಕಟ್ಟುವವರು ಅದನ್ನು ತಮ್ಮ ಪುಟಕ್ಕೆ ಸೇರಿಸಿದರೆ ಸಾಕು, ನೆಟ್‌ವರ್ಕ್ ಹೋದರೂ ಬರೆದದ್ದು ಉಳಿಯುತ್ತದೆ. ಯಾರು ಬೇಕಾದರೂ ಪುಕ್ಕಟೆ ತಗೊಳ್ಳಬಹುದು, ತಿದ್ದಿ ಕಳಿಸಬಹುದು.

“ಪುಕ್ಕಟ ಕೊಟ್ರ ಏನ್ ತಿಂತೀ?” ಅಂದೆ.

“ನಿನ್ನ ತಲಿ ತಿಂತೇನಿ, ಬಾ.”

ಒಂದು ದಿನ ಪೇಟೆಗೇ ಓಡಿ ಬಂದಳು, ಚಪ್ಪಲಿಯೂ ಇಲ್ಲ. “ಯಣ್ಣಾ! ಯಾವ ದೇಶದಂವನೋ ನನ್ನ ತಪ್ಪು ಹುಡುಕಿ, ತಿದ್ದಿ ಕಳಿಸ್ಯಾನ!”

“ತಪ್ಪು ತೋರಿಸಿದ್ರ ಯಾರರ ಕುಣೀತಾರೇನ?”

“ಹುಚ್ಚಣ್ಣಾ, ಬಳಸಿದವರಿಗಷ್ಟ ತಪ್ಪು ಕಾಣತೈತಿ!”

ಹಮಾಲರೆಲ್ಲ ನಕ್ಕರು. ಅವಳು ಎಲ್ಲರಿಗೂ ಲಿಂಬೆ ಶರಬತ್ತು ಕುಡಿಸಿದಳು. ಆಮೇಲೆ ದಿನಾ ಸುದ್ದಿಯೇ ಸುದ್ದಿ. ಇವತ್ತು ಯಾವುದೋ ಆಸ್ಪತ್ರೆ ಬಳಸಿತಂತೆ, ನಾಳೆ ಯಾವುದೋ ಸಾಲಿ. ಯಾರು ಏನು ಕೇಳಿದರೂ ಅವಳೇ ಉತ್ತರಿಸಬೇಕು. ಉಣ್ಣುವಾಗಲೂ ಎಡಗೈಯಲ್ಲಿ ಟೈಪು ಮಾಡುತ್ತಿದ್ದಳು. ಆ ಹುರುಪು ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ...

ಅಷ್ಟರಲ್ಲಿ ಅವಳಿಗೆ ಕಾಯಿಲೆ ಬಂತು, ಅದು ಅವಸರ ಮಾಡಿತು. ಆಸ್ಪತ್ರೆಯಲ್ಲಿ ಕೀಲಿ ನನ್ನ ಕೈಗಿಟ್ಟು, “ನನ್ನ ಕೂಡ ಪ್ಯಾಕೇಜ್ ತಿದ್ದೋ ಮುದ್ದೇಬಿಹಾಳದ ಗೆಳತಿಗೆ ಕೊಡು. ಮುಂದ ಆಕಿ ನೋಡ್ಕೋತಾಳ” ಅಂದಳು.

ನಮ್ಮ ಮನೆಯಲ್ಲಿ ತೀರಿಕೊಂಡವರ ಸಾಮಾನನ್ನು ವರ್ಷದ ಕಾರ್ಯ ಆಗುವವರೆಗೆ ಹೊರಗೆ ಕೊಡುವುದಿಲ್ಲ. ಅವಳ ಸೀರೆಯೊಳಗೆ ಕೀಲಿ ಸುತ್ತಿ ಟ್ರಂಕಿಗೆ ಹಾಕಿದೆ. ಗೆಳತಿ ಫೋನಿನ ಮೇಲೆ ಫೋನು ಮಾಡಿದಳು. “ಅಣ್ಣಾರ, ಹೊಸ ಬ್ರೌಸರ್ ಬಂದೈತ್ರಿ. ಬರದದ್ದು ಮತ್ತ ಅಳಸಾಕತ್ತೈತಿ. ತಿದ್ದಿ ಇಟ್ಟೇನಿ, ಕೀಲಿ ಇಲ್ಲದ ಹೊರಗ ಬಿಡಾಕ ಬರಂಗಿಲ್ರಿ.”

“ವರ್ಷ ಆಗ್ಲಿ ತಡಿಯವಾ” ಅಂದೆ. ನಿಜ ಹೇಳಬೇಕೆಂದರೆ, ಅದನ್ನು ಕೊಟ್ಟರೆ ತಂಗಿಯೇ ಹೋದಂತೆ ಅನಿಸುತ್ತಿತ್ತು.

ಒಂದು ದಿನ ಮಗಳ ಅರ್ಜಿ ತುಂಬಿಸಲು ಅದೇ ಅಂಗಡಿಗೆ ಹೋದೆ. ಕೊನೆಯ ಪುಟ. ನೆಟ್‌ವರ್ಕ್ ಹೋಯಿತು, ಪರದೆ ಖಾಲಿ. ಪಕ್ಕದ ಮುದುಕನದೂ ಹೋಯಿತು. “ಅಕ್ಕಾರ ಇದ್ದಾಗ ಹಿಂಗ ಆಗ್ತಿರಲಿಲ್ರಿ” ಅಂದ ಅಂಗಡಿಯವ. ಮುದುಕ ಚೀಲ ಹೆಗಲಿಗೇರಿಸಿ ಹೊರಟ.

ಮನೆಗೆ ಓಡಿದೆ. ಟ್ರಂಕು ತೆಗೆದೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗಲೂ ಕೀಲಿ ಮುಷ್ಟಿಯಲ್ಲೇ ಇತ್ತು. ಗೆಳತಿ ಬೈಯಲಿಲ್ಲ. ಕೀಲಿ ಚುಚ್ಚಿ, “ನೀವ ಒತ್ತರಿ ಅಣ್ಣಾರ” ಅಂದಳು. ಚೀಲ ಹೊಲಿದು ಒರಟಾದ ಬೆರಳನ್ನು ಕೀಲಿಯ ಮೇಲಿಟ್ಟೆ. ಒತ್ತಿದೆ.

“ತಿದ್ದಿದ್ದು ಹೊರಗ ಹೋತ್ರೀ!” ಎಂದು ಆಕೆ ಚಪ್ಪಾಳೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಯಾವ್ಯಾವುದೋ ಊರಿನವರ ಮಾತುಗಳು ಪರದೆಯ ಮೇಲೆ ಬರತೊಡಗಿದವು. ಸರಿಹೋಯಿತು, ಸರಿಹೋಯಿತು! ನಾನೂ ಕುಣಿಯುವುದೊಂದು ಬಾಕಿ. ಒಬ್ಬ ಮಾತ್ರ ಕೇಳಿದ್ದ, ಮೊದಲು ಉತ್ತರ ಕೊಡುತ್ತಿದ್ದವರು ಎಲ್ಲಿ ಎಂದು. ಗೆಳತಿ ಓದಿ ಹೇಳಿ, ಕಣ್ಣೊರೆಸಿಕೊಂಡಳು.

ಕೀಲಿ ಗೆಳತಿಯಲ್ಲಿ ಉಳಿಯಿತು. ದಾರ ಬಿಚ್ಚಿ ನನಗೆ ಕೊಟ್ಟಳು. ಅದೀಗ ಅಂಗಿಯ ಕಿಸೆಯಲ್ಲಿದೆ. ಇವತ್ತು ಹೊಸ ಉಂಡೆ ಪಕ್ಕಕ್ಕಿಟ್ಟು ಅದನ್ನು ಕೈಗೆ ತೆಗೆದುಕೊಂಡೆ. ಹಮಾಲರು ಕೇಳಿದರೆ ಕೇಳಲಿ ಎಂದು ಬಾಯಿಬಿಟ್ಟೇ ಅಂದೆ:

“ತಂಗೀ, ನೀ ಕೊಡು ಅಂದಿದ್ದಿ. ನಾ ಕಟ್ಟಿಟ್ಟೆ. ತಪ್ಪಾತವ್ವಾ.”