ಮಾರ್ಕು ಜಾಸ್ತಿ ಬಂದವಳು

ಗಾಳಿ ತಿರುಗಿದಾಗ ಕಿಟಕಿಯಿಂದ ಭತ್ತ ಬೇಯಿಸುವ ವಾಸನೆ ಬಂತು. ಕುಚ್ಚಲಕ್ಕಿ ಉಣ್ಣುವ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಗೆ ಹೇಳುವುದೋ ನನಗೆ ತಿಳಿಯದು. ನೆನೆದ ಹುಲ್ಲಿನಂಥದು, ಸ್ವಲ್ಪ ಹುಳಿ, ಮೇಲೆ ತೆಂಗಿನ ಒಣ ಮಡಲಿನ ಹೊಗೆ. ಈಗ ಎಲ್ಲರೂ ಅಂಗಡಿಯಿಂದ ಚೀಲದ ಅಕ್ಕಿ ತರುತ್ತಾರೆ. ಬಿಜೂರಿನ ಕಡೆ ಯಾವುದೋ ಒಂದು ಮನೆಯವರು ಇನ್ನೂ ಅಂಗಳದಲ್ಲಿ ಹಂಡೆ ಇಟ್ಟು ಬೇಯಿಸುತ್ತಿದ್ದರು. ನಾನು ಅಲ್ಲಿನ ಹೈಸ್ಕೂಲೊಂದರಲ್ಲಿ ಹತ್ತನೇ ತರಗತಿಯ ಮಕ್ಕಳ ಮುಂದೆ ಪ್ರಶ್ನೆಪಟ್ಟಿಯ ಕಟ್ಟು ಹಿಡಿದು ಕುಳಿತಿದ್ದೆ. ಶಿಕ್ಷಕರಾಗುವವರಿಗೆ ಪಾಠ ಹೇಳುವುದು ನನ್ನ ಕೆಲಸ. ಐವತ್ತು ಹತ್ತಿರವಾದ ಮೇಲೆ ಸಂಶೋಧನೆಗೆ ಸೇರಿದ್ದೇನೆ. ಮಕ್ಕಳ ಕಲಿಕೆಯ ಸಾಧನೆಯ ಮೇಲೆ ಯಾವ ಯಾವ ಅಂಶಗಳು ಪ್ರಭಾವ ಬೀರುತ್ತವೆ ಎನ್ನುವುದು ವಿಷಯ; ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳು ನನ್ನ ಕ್ಷೇತ್ರ. ಮನೆಯಲ್ಲಿ ಓದಲು ಬೇರೆ ಜಾಗ ಇದೆಯೇ, ಶಾಲೆ ಎಷ್ಟು ದೂರ, ಓದಿಗೆ ಯಾರು ಸಹಾಯ ಮಾಡುತ್ತಾರೆ, ಹೀಗೆ ಕೇಳುತ್ತಾ ಹೋಗುವುದು. ಮಕ್ಕಳು ತಲೆ ತಗ್ಗಿಸಿ ಗುರುತು ಹಾಕುತ್ತಿದ್ದರು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು.

"ಟೀಚರ್, ಓದುಕೆ ಸಹಾಯ ಮಾಡೂದ್ ಯಾರ್ ಅಂತ ಕೇಳಿದ್ರಲ್ಲ. ನಂಗ್ ಯಾರೂ ಹೇಳಿ ಕೊಡೂದಿಲ್ಲ. ಆದ್ರೆ ಮನಿ ಕೆಲ್ಸ ಎಲ್ಲ ಮಾಡೂದ್ ಅಕ್ಕ. ಅದ್ ಸಹಾಯ ಆತ್ತಾ?"

ಇತರೆ ಎಂದು ಬರೆ ಎಂದೆ. ಅವಳು ಕುಳಿತು ಹಾಗೆಯೇ ಬರೆದಳು. ನನಗೆ ಆ ಹೊತ್ತಿಗೆ ವಿಶೇಷವೇನೂ ಅನ್ನಿಸಲಿಲ್ಲ. ಹಾಳೆಗಳನ್ನು ಒಟ್ಟು ಮಾಡಿ, ಹೆಡ್ಮಾಷ್ಟ್ರಿಗೆ ವಂದನೆ ಹೇಳಿ, ಹೆದ್ದಾರಿಗೆ ಬಂದು ಬಸ್ಸಿಗೆ ಕಾಯುತ್ತ ನಿಂತಾಗ ಮಾತ್ರ ಆ ವಾಸನೆ ಸೀರೆಯಲ್ಲೇ ಉಳಿದಿದೆ ಎಂದು ತಿಳಿಯಿತು.

ನಮ್ಮ ಮನೆ ತ್ರಾಸಿಯಲ್ಲಿತ್ತು. ಇತ್ತು ಎಂದರೆ ಅದೇ ಜಾಗದ ಮೇಲೆ ಈಗ ಹೆದ್ದಾರಿಯ ಎರಡನೇ ಸಾಲು ಹೋಗುತ್ತದೆ. ಅಡುಗೆಮನೆ ಇದ್ದಲ್ಲಿ ಲಾರಿಗಳು ಓಡುತ್ತವೆ. ಬಸ್ಸಿನಲ್ಲಿ ಹೋಗುವಾಗ ಎಲ್ಲಿ ಎಂದು ಗುರುತಿಸಲು ಮೊದಮೊದಲು ಪ್ರಯತ್ನಿಸುತ್ತಿದ್ದೆ. ಆಚೆ ಕಡಲು ಕಾಣಿಸಿಕೊಳ್ಳುವ ಮೊದಲಿನ ತಿರುವು ಎಂದು ಲೆಕ್ಕ ಹಾಕುತ್ತಿದ್ದೆ. ಈಗ ಆ ತಿರುವನ್ನೂ ನೇರ ಮಾಡಿದ್ದಾರೆ. ನಿಮ್ಮಲ್ಲಿ ಕೆಲವರಿಗಾದರೂ ಇಂಥ ಒಂದು ಮನೆ ಇದ್ದಿರಬೇಕು, ಬಾಗಿಲು ಯಾವ ದಿಕ್ಕಿಗಿತ್ತು ಎಂದು ತೋರಿಸಲೂ ಏನೂ ಉಳಿಯದ ಮನೆ. ಹಂಚಿನ ಮಾಡು, ಉದ್ದ ಜಗಲಿ, ಒಳಗೆ ಕತ್ತಲೆಯ ನಡುಕೋಣೆ. ಆ ಕೋಣೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚಿತ್ತು. ಅದರಿಂದ ಬಿಸಿಲಿನ ಚೌಕವೊಂದು ನೆಲಕ್ಕೆ ಬಿದ್ದು ಬೆಳಗಿನಿಂದ ಸಂಜೆಯವರೆಗೆ ಪಡುವಣ ಗೋಡೆಯಿಂದ ಮೂಡಣ ಗೋಡೆಗೆ ಸರಿಯುತ್ತಿತ್ತು. ರಜೆಯ ದಿನ ನಾನೂ ವನಜಳೂ ಪುಸ್ತಕ ಹಿಡಿದು ಆ ಚೌಕದ ಜೊತೆ ಸರಿಯುತ್ತಿದ್ದೆವು. ನೆಲದ ತಂಪು, ಪುಸ್ತಕದ ಹಾಳೆಯ ಬಿಸಿ, ಹೊರಗೆ ನಿಲ್ಲದ ಕಡಲಿನ ಸದ್ದು. ಓದಲು ಬೇರೆ ಜಾಗ ಇದೆಯೇ ಎಂದು ಯಾರಾದರೂ ಕೇಳಿದ್ದರೆ ನಾವಿಬ್ಬರೂ ಇದೆ ಎಂದೇ ಬರೆಯುತ್ತಿದ್ದೆವು.

ವನಜ ನನ್ನ ದೊಡ್ಡಮ್ಮನ ಮಗಳು. ನನಗಿಂತ ಏಳು ತಿಂಗಳಿಗೆ ದೊಡ್ಡವಳು. ಅಕ್ಕ ಎಂದು ಕರೆಯುವಷ್ಟು ಅಂತರವಲ್ಲ. ನಾನು ಹುಟ್ಟಿದ ಎರಡನೇ ವರ್ಷಕ್ಕೆ ನನ್ನ ಅಮ್ಮ ತೀರಿಕೊಂಡರು. ಅಪ್ಪಯ್ಯ ಮುಂಬೈಯಲ್ಲಿ ಬೇರೆ ಮದುವೆಯಾಗಿ ಅಲ್ಲಿಯೇ ಉಳಿದರು. ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ನನ್ನನ್ನು ಸಾಕಿದರು. ಅವರ ಗಂಡನೂ ಮುಂಬೈಯ ಹೊಟೇಲೊಂದರಲ್ಲಿದ್ದರು, ಮಳೆಗಾಲಕ್ಕೆ ಮೊದಲು ಹದಿನೈದು ದಿನ ಊರಿಗೆ ಬರುತ್ತಿದ್ದರು. ಉಳಿದಂತೆ ಮನೆಯಲ್ಲಿ ಅಮ್ಮನ ತಾಯಿ ಅಮ್ಮಮ್ಮ, ದೊಡ್ಡಮ್ಮ, ನಾವಿಬ್ಬರು. ದೊಡ್ಡಮ್ಮನಿಗೆ ಮಾತು ಕಡಿಮೆ. ಮೀನು ಹಂಚುವಾಗ ಎರಡು ತಟ್ಟೆಯನ್ನೂ ಪಕ್ಕಪಕ್ಕ ಇಟ್ಟು, ತುಂಡಿನ ಅಳತೆ ನೋಡಿಯೇ ಬಡಿಸುತ್ತಿದ್ದರು. ನಮ್ಮಿಬ್ಬರಿಗೂ ಒಂದೇ ಥಾನಿನ ಬಟ್ಟೆಯಲ್ಲಿ ಲಂಗ. ಶಾಲೆಯಲ್ಲಿ ಅವಳಿಜವಳಿಯೇ ಎಂದು ಕೇಳುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ, ವನಜ ನಗುತ್ತಿದ್ದಳು.

ಲೆಕ್ಕದಲ್ಲಿ ಅವಳು ಚುರುಕು. ಪ್ರಶ್ನೆ ಓದಿ ಮುಗಿಸುವಾಗ ಉತ್ತರ ಅವಳ ಬಾಯಲ್ಲಿರುತ್ತಿತ್ತು. ಹೇಗೆ ಬಂತು ಎಂದು ಬರೆಯುವುದು ಅವಳಿಗೆ ಬೇಸರ. ನಾನು ಹಾಗಲ್ಲ. ಬಾಯಿಪಾಠ, ದುಂಡು ಅಕ್ಷರ, ಗೆರೆ ಎಳೆದು ಬಣ್ಣ ಹಾಕಿದ ಭೂಪಟ. ಮಾಷ್ಟ್ರು ನನ್ನ ಪುಸ್ತಕವನ್ನು ತರಗತಿಗೆಲ್ಲ ತೋರಿಸುತ್ತಿದ್ದರು. ಆ ಪುಸ್ತಕದ ಲೆಕ್ಕಗಳನ್ನು ವನಜ ಮನೆಯಲ್ಲಿ ಹೇಳಿಕೊಟ್ಟದ್ದು ಅವರಿಗೆ ತಿಳಿದಿರಲಿಲ್ಲ. ವನಜಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತನೇ ತರಗತಿಯ ವರ್ಷ, ಆಸಾಡಿ ತಿಂಗಳ ಮಳೆಯಲ್ಲಿ, ಅಮ್ಮಮ್ಮ ಬಾವಿಕಟ್ಟೆಯ ಹತ್ತಿರ ಪಾಚಿಗೆ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಕುಂದಾಪುರದ ಆಸ್ಪತ್ರೆಯಿಂದ ವಾರದ ಮೇಲೆ ಮನೆಗೆ ತಂದು ನಡುಕೋಣೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ಅವರು ಇನ್ನು ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗದ್ದೆಯಲ್ಲಿ ನಟ್ಟಿ ನಡೆದಿತ್ತು, ದೊಡ್ಡಮ್ಮ ಬೆಳಗಾದರೆ ಕೆಸರಿಗೆ ಇಳಿಯಬೇಕು. ಹೊರಳಿಸಿ ಮಲಗಿಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಇದಕ್ಕೆಲ್ಲ ಒಬ್ಬರು ಮನೆಯಲ್ಲಿ ಇರಲೇಬೇಕಾಗಿತ್ತು. ಒಂದು ಸಂಜೆ ದೊಡ್ಡಮ್ಮ ಕಾಲು ತೊಳೆದು ಜಗಲಿಯ ಮೇಲೆ ಕುಳಿತು ನಮ್ಮಿಬ್ಬರನ್ನೂ ಕರೆದರು.

"ಇಬ್ರೂ ಶಾಲಿಗ್ ಹೋರೆ ಅಮ್ಮಮ್ಮನ್ ಕಾಂಬುದ್ ಯಾರ್?" ಎಂದರು. "ಲೆಕ್ಕದ್ ಪರೀಕ್ಷೆ ಆಯ್ತಲೆ. ಅದ್ರಂಗ್ ಮಾರ್ಕ್ ಜಾಸ್ತಿ ಬಂದವ್ಳ್ ಶಾಲಿಗ್ ಹೋಯ್ಲಿ. ಮತ್ತೊಬ್ಳ್ ಮನಿಯಂಗ್ ಇರ್ಲಿ."

ಆ ತಿಂಗಳ ಪರೀಕ್ಷೆ ಮುಗಿದು ನಾಲ್ಕು ದಿನವಾಗಿತ್ತು, ಮಾರ್ಕು ಬಂದಿರಲಿಲ್ಲ. ನಾವಿಬ್ಬರೂ ಒಂದೇ ಬೆಂಚು. ಕೊನೆಯ ಲೆಕ್ಕ ನನಗೆ ಬಂದಿರಲಿಲ್ಲ. ಗಂಟೆ ಹೊಡೆಯಲು ಸ್ವಲ್ಪ ಹೊತ್ತಿರುವಾಗ ವನಜ ಹಾಳೆಯನ್ನು ಬದಿಗಿಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಅದನ್ನು ನೋಡಿ ಮೊದಲಿನಿಂದ ಕೊನೆಯವರೆಗೆ ಇಳಿಸಿದೆ. ಭಯವೂ ಆಗಲಿಲ್ಲ. ಬರೆಯುವಾಗ ನನ್ನ ಅಕ್ಷರ ಎಂದಿನಂತೆ ದುಂಡಾಗಿಯೇ ಇತ್ತು.

ಶನಿವಾರ ಹಾಳೆ ಕೊಟ್ಟರು. ನನಗೆ ವನಜಳಿಗಿಂತ ಎರಡು ಮಾರ್ಕು ಜಾಸ್ತಿ. ಅವಳು ನಡುವೆ ಎಲ್ಲೋ ಚಿಹ್ನೆ ತಪ್ಪಿದ್ದಳು, ಎರಡು ಕಡೆ ಹಂತಗಳನ್ನು ಬಿಟ್ಟಿದ್ದಳು. ಮಳೆಯಲ್ಲಿ ಒಂದೇ ಕೊಡೆಯ ಅಡಿ ಮನೆಗೆ ನಡೆದೆವು. ಮುಕ್ಕಾಲು ಗಂಟೆಯ ದಾರಿ. ಈಗ ಹೇಳುತ್ತೇನೆ, ತೋಡು ದಾಟಿದ ಮೇಲೆ ಹೇಳುತ್ತೇನೆ, ಮನೆಯ ಬೇಲಿಯ ತಡಮೆಯ ಹತ್ತಿರ ಹೇಳುತ್ತೇನೆ ಎಂದುಕೊಂಡೆ. ವನಜ ದಾರಿಯುದ್ದಕ್ಕೂ ಬೇರೆ ಏನೋ ಮಾತಾಡುತ್ತಿದ್ದಳು. ದೊಡ್ಡಮ್ಮ ಎರಡೂ ಹಾಳೆಗಳನ್ನು ಒದ್ದೆ ಕೈ ಒರೆಸಿಕೊಂಡು ತೆಗೆದುಕೊಂಡರು, ಕೆಂಪು ಶಾಯಿಯ ಅಂಕಿ ನೋಡಿದರು, ಮಡಚಿ ನಮಗೆ ವಾಪಸು ಕೊಟ್ಟರು. "ಲೀಲಾ ಹೋಯ್ಲಿ" ಎಂದರು. ನಾನು ಬಾಯಿ ತೆರೆಯಲಿಲ್ಲ. ಸೋಮವಾರ ಒಬ್ಬಳೇ ಶಾಲೆಗೆ ಹೋದೆ. ಬೆಂಚಿನಲ್ಲಿ ಜಾಗ ಜಾಸ್ತಿಯಿತ್ತು.

ಹೆಡ್ಮಾಷ್ಟ್ರು ಒಳ್ಳೆಯವರು, ಮನೆಯ ಪರಿಸ್ಥಿತಿ ಕೇಳಿ ವನಜಳ ಹೆಸರು ತೆಗೆಯದೆ ಪರೀಕ್ಷೆಗೆ ಕೂರಲು ಬಿಟ್ಟರು. ನಾನು ಸಂಜೆ ಬಂದು ಆ ದಿನದ ಪಾಠ ಅವಳಿಗೆ ಹೇಳಬೇಕು ಎಂದು ನಮ್ಮೊಳಗೇ ಆದ ಕರಾರು. ಧನುರ್ಮಾಸದಲ್ಲಿ ಭತ್ತ ಬೇಯಿಸುವ ದಿನಗಳು ಬಂದವು. ಬೆಳಿಗ್ಗೆ ವನಜ ಅಂಗಳದ ಹಂಡೆಗೆ ಮಡಲು ದೂಡುತ್ತ ಕುಳಿತಿರುತ್ತಿದ್ದಳು, ನಾನು ಶಾಲೆಗೆ ಹೊರಡುವ ಮೊದಲು ಪುಸ್ತಕ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಬರದ ಲೆಕ್ಕವನ್ನು ನಾನು ಓದುವುದು. ಅವಳು ಹೊಗೆಗೆ ಕಣ್ಣು ಸಣ್ಣ ಮಾಡಿ ಸಗಣಿ ಸಾರಿಸಿದ ನೆಲದ ಮೇಲೆ ಕಡ್ಡಿಯಲ್ಲಿ ಗೀಚುವುದು. ಒಳಗಿನಿಂದ ಅಮ್ಮಮ್ಮ "ಹ್ವಾಯ್, ವನಜಾ" ಎಂದು ಕರೆದರೆ ಕಡ್ಡಿ ಬಿಟ್ಟು ಏಳುತ್ತಿದ್ದಳು. ಅವಳು ಬರುವಷ್ಟರಲ್ಲಿ ನಾನು ಅರ್ಧ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿಕೊಂಡಿರುತ್ತಿದ್ದೆ. ಕರಾರಿನಂತೆ ಪಾಠ ಹೇಳುವುದನ್ನು ಮಾತ್ರ ನಾನು ಬರಬರುತ್ತ ಬಿಟ್ಟೆ. ನನಗೆ ಓದಲು ತುಂಬ ಇರುತ್ತಿತ್ತು. ಅವಳು ಕೇಳಲೂ ಇಲ್ಲ.

ಫಲಿತಾಂಶ ಬಂದಾಗ ನಾನು ಶಾಲೆಗೆ ಮೊದಲು. ವನಜ ಇಂಗ್ಲಿಷಿನಲ್ಲಿ ಫೇಲಾದಳು. ಲೆಕ್ಕದಲ್ಲಿ ಮಾತ್ರ ಅವಳಿಗೆ ನನಗಿಂತ ಜಾಸ್ತಿ ಬಂದಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಮತ್ತೆ ಪರೀಕ್ಷೆ ಕಟ್ಟುವ ಮಾತು ಒಂದೆರಡು ಸಲ ಬಂತು. ಅಮ್ಮಮ್ಮ ಇನ್ನೂ ನಾಲ್ಕು ವರ್ಷ ಮಂಚದಲ್ಲೇ ಬದುಕಿದರು. ಆಮೇಲೆ ಅವಳಿಗೆ ಬ್ರಹ್ಮಾವರಕ್ಕೆ ಮದುವೆಯಾಯಿತು. ನಾನು ಓದಿದೆ, ಟೀಚರಾದೆ, ಟೀಚರುಗಳ ಟೀಚರಾದೆ. ಹೆದ್ದಾರಿಗೆ ಮನೆ ಹೋದ ಮೇಲೆ ದೊಡ್ಡಮ್ಮ ವನಜಳ ಮನೆಯಲ್ಲಿದ್ದರು, ಐದು ವರ್ಷದ ಹಿಂದೆ ಅಲ್ಲಿಯೇ ತೀರಿಕೊಂಡರು. ಕೊನೆಯವರೆಗೂ ನಾನು ಹೋದಾಗಲೆಲ್ಲ ಅವರ ಕಾಲ ಬಳಿ ಕುಳಿತು ಊರಿನ ಸುದ್ದಿ ಹೇಳಿ ಎದ್ದು ಬರುತ್ತಿದ್ದೆ. ಹೇಳಬೇಕಾದದ್ದನ್ನು ಹೇಳಲಿಲ್ಲ.

ಬಿಜೂರಿನ ಶಾಲೆಗೆ ಹೋದ ಆ ಜನವರಿಯ ದಿನ ನಾನು ನನ್ನ ಮನೆಗೆ ಹೋಗದೆ ಬ್ರಹ್ಮಾವರದಲ್ಲಿ ಇಳಿದೆ. ವನಜ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಇಟ್ಟುಕೊಂಡಿದ್ದಾಳೆ, ಹುಡುಗಿಯರಿಗೆ ಕಲಿಸುತ್ತಾಳೆ ಕೂಡ. ರವಿಕೆಯ ಅಳತೆಯನ್ನು ಅವಳು ಬರೆದಿಡುವುದಿಲ್ಲ. ಟೇಪು ಹಿಡಿದು ಒಮ್ಮೆ ನೋಡಿದರೆ ಆಯಿತು, ಯಾವ ಅಂಚಿನಿಂದ ಎಷ್ಟು ಎಂದು ತಲೆಯಲ್ಲೇ ಕೂಡಿ ಕಳೆದು ಕತ್ತರಿಸುತ್ತಾಳೆ. ಮಧ್ಯಾಹ್ನ, ಕಲಿಯುವ ಹುಡುಗಿಯರು ಊಟಕ್ಕೆ ಹೋಗಿದ್ದರು. ನಾನು ಮಣೆಯ ಮೇಲೆ ಕುಳಿತು, ಪೀಠಿಕೆಯಿಲ್ಲದೆ, ಆ ಪರೀಕ್ಷೆಯಲ್ಲಿ ಕೊನೆಯ ಲೆಕ್ಕವನ್ನು ಅವಳ ಹಾಳೆಯಿಂದ ಕದ್ದದ್ದು ಎಂದು ಹೇಳಿದೆ.

"ಯಾವ್ ಪರೀಕ್ಷೆ ಮಾರಾಯ್ತಿ?" ಎಂದಳು.

ಅಮ್ಮಮ್ಮ ಬಿದ್ದ ವರ್ಷದ್ದು, ಆ ಮಾರ್ಕು ನೋಡಿಯಲ್ಲವೇ ದೊಡ್ಡಮ್ಮ ನಿನ್ನನ್ನು ಮನೆಯಲ್ಲಿ ನಿಲ್ಲಿಸಿದ್ದು ಎಂದೆ. ಅವಳು ಕತ್ತರಿ ಕೆಳಗಿಡಲಿಲ್ಲ.

"ಮಾರ್ಕಿಗೂ ಅದ್ಕೂ ಎಂತ ಸಂಬಂಧ? ಅಮ್ಮಮ್ಮನ್ ಆಸ್ಪತ್ರೆಗ್ ಸೇರ್ಸಿದ್ ದಿನವೇ ಅಮ್ಮ ನನ್ಹತ್ರ ಹೇಳಿದ್ರ್. ನಿಂಗಾರೆ ಅಮ್ಮ ಅಂತ ನಾನೊಬ್ಳ್ ಇದ್ದೆ, ಅವ್ಳಿಗ್ ಯಾರಿದ್ರ್, ಅವ್ಳ್ ಓದ್ಲಿ ಅಂದ್ರ್. ನೀನ್ ಮನಸ್ಸಿಗ್ ಹಚ್ಕಂತೆ ಅಂತ ನಿನ್ ಎದ್ರಿಗ್ ಮಾರ್ಕಿನ್ ಮಾತ್ ಹೇಳಿದ್ದ್."

"ನಂಗ್ ಕಡ್ಮಿ ಬಂದಿದ್ರೆ?"

"ಬೇರೆ ಎಂತಾರೂ ಹೇಳ್ತಿದ್ರ್."

ಇಷ್ಟು ವರ್ಷ ನಾನು ಹೊತ್ತದ್ದು ಅಲ್ಲಿರಲೇ ಇಲ್ಲ. ಹಗುರಾಗಬೇಕಿತ್ತು, ಆಗಲಿಲ್ಲ. ತುಂಡಿನ ಅಳತೆ ನೋಡಿ ಎರಡು ತಟ್ಟೆಗೆ ಮೀನು ಬಡಿಸುತ್ತಿದ್ದ ಕೈ ಒಂದೇ ಒಂದು ಸಲ ಹೆಚ್ಚುಕಡಿಮೆ ಮಾಡಿತ್ತು. ಕಡಿಮೆಯಾದದ್ದು ಹೆತ್ತ ಮಗಳ ತಟ್ಟೆಗೆ. ಯಾರೂ ಇಲ್ಲದವಳು ಎಂದು ಆ ಮನೆಯಲ್ಲಿ ನನ್ನ ಬಗ್ಗೆ ಒಮ್ಮೆ ಮಾತಾಗಿತ್ತು ಎಂಬುದೂ ಅಂದೇ ತಿಳಿದದ್ದು. ಅಳು ಬರಲಿಲ್ಲ. ನಿನಗೆ ಬೇಸರವಾಗಲಿಲ್ಲವೇ ಎಂದು ವನಜಳನ್ನು ಕೇಳಿದೆ. "ಆಯಿತ್ತ್" ಎಂದಳು. "ಒಂದ್ ವರ್ಷ ಅಮ್ಮನ್ಹತ್ರ ಸರಿ ಮಾತಾಡ್ಲಿಲ್ಲ. ನೀ ಕಾಣ್ಲಿಲ್ಯಾ?"

ನಾನು ಕಂಡಿರಲಿಲ್ಲ. ಒಂದೇ ಮಾಡಿನ ಕೆಳಗೆ, ಕಂಡಿರಲಿಲ್ಲ.

ಅವಳು ನನಗೆ ಊಟ ಬಡಿಸಿದಳು. ಉಂಡೆವು. ಕೈ ತೊಳೆದು ಬಂದು ಅವಳು ಮತ್ತೆ ಬಟ್ಟೆ ಹರವಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾಗ ದೊಡ್ಡಮ್ಮನನ್ನೂ ಯಾರೋ ಒಂದು ದಿನ ಶಾಲೆ ಬಿಡಿಸಿರಬೇಕು ಎಂದು ನನಗೆ ಹೊಳೆಯಿತು.

"ದೊಡ್ಡಮ್ಮ ಎಷ್ಟನೇ ಕ್ಲಾಸ್ ತನ್ಕ ಶಾಲಿಗ್ ಹೋಯಿದ್ರ್? ಬಿಡ್ಸಿದ್ದ್ ಯಾಕೆ?"

ವನಜಳ ಕೈ ನಿಂತಿತು.

"ಗೊತ್ತಿಲ್ಲ," ಎಂದಳು. "ಕೇಂಡದ್ದೇ ಇಲ್ಲ. ನೀ ಕೇಂಡಿದ್ಯಾ?"

ಇಲ್ಲ ಎಂದೆ. ತ್ರಾಸಿಯ ಮನೆಯಲ್ಲಿ ದೊಡ್ಡಮ್ಮನ ಜೊತೆ ಬದುಕಿದವರಲ್ಲಿ ಉಳಿದವರು ನಾವಿಬ್ಬರೇ. ಮತ್ತೊಬ್ಬರನ್ನು ಕೇಳಿ ನೋಡೋಣ ಎಂದರೆ ಯಾರೂ ಇರಲಿಲ್ಲ.