ದಿಯೊಲಿಂದಾಳ ಬುಗುರಿ

ಶಾಲೆಯ ಆಯಾಗಳೂ ಅಡಿಗೆಯವರೂ ಮುಷ್ಕರ ಹೂಡಿದ್ದರಿಂದ ಆ ಸೋಮವಾರ ಬೆಳಿಗ್ಗೆ ಒದೇತ್ ತನ್ನ ಇಬ್ಬರು ಮಕ್ಕಳನ್ನೂ ತಾಯಿಯ ಮನೆ ಬಾಗಿಲಲ್ಲಿ ಬಿಟ್ಟು, ಆಸ್ಪತ್ರೆಯ ಪಾಳಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಓಡಿದಳು. "ಅಮ್ಮಾ, ಫೋನು ಕೊಡ್ಬೇಡ ಅವ್ರಿಗೆ!" ಎಂದು ಅವಳು ಕೆಳಗಿನ ತಿರುವಿನಿಂದ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಫೋನು ಕೊಡದೆ ಮಕ್ಕಳನ್ನು ಇಡೀ ದಿನ ಹಿಡಿದಿಟ್ಟುಕೊಳ್ಳುವುದು ಹೇಗೆಂದು ಮಾತ್ರ ಅವಳು ಹೇಳಲಿಲ್ಲ. ಮಧ್ಯಾಹ್ನದೊಳಗೆ ಏಳು ವರ್ಷದ ಸಿಮಾಂವ್ ಅಜ್ಜಿಯ ಕುರ್ಚಿಗಳನ್ನೆಲ್ಲ ಸಾಲಾಗಿ ಮಲಗಿಸಿ ರೈಲು ಮಾಡಿ, ಅದೂ ಬೇಸರವಾಗಿ, ಮೇಜಿನ ಕೆಳಗೆ ಸೇರಿಕೊಂಡು "ಬೋರು, ಬೋರು" ಎಂದು ಹಾಡತೊಡಗಿದ್ದ. ಅವನ ಅಕ್ಕ ಬೆನೆದಿತಾಗೆ ಹನ್ನೊಂದು. ಅವಳ ಅಂಗಿಯ ಗುಂಡಿಯೊಂದು ಕಿತ್ತುಹೋಗಿತ್ತು. ಅದಕ್ಕೆ ಜೋಡಿ ಹುಡುಕಲು ಅಜ್ಜಿಯ ಹೊಲಿಗೆ ಯಂತ್ರದ ಡ್ರಾಯರಿಗೆ ಕೈಹಾಕಿದವಳು, ದಾರದುಂಡೆಗಳ ಅಡಿಯಿಂದ ಒಂದು ಮರದ ಬುಗುರಿಯನ್ನು ಹೊರತೆಗೆದಳು. ಹಳೆಯದು, ಹಿಡಿದು ಹಿಡಿದು ನುಣುಪಾಗಿತ್ತು, ತುದಿಯಲ್ಲಿ ಕಬ್ಬಿಣದ ಮೊಳೆ.

"ಅಜ್ಜೀ, ಇದ್ಯಾರದು? ಅಜ್ಜಂದಾ?"

ದಿಯೊಲಿಂದಾ ಸೂಪಿಗೆ ಎಲೆಕೋಸು ಹೆಚ್ಚುತ್ತಿದ್ದಳು. ಚಾಕು ನಿಂತಿತು. "ಅಲ್ಲ ಕಣೆ. ನಂದು," ಎಂದಳು.

ಹಾಗೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬೆಟ್ಟದ ಇಳಿಜಾರಿನ ಕೊವಿಲ್ಯಾಂ ಊರಿನ ಬಟ್ಟೆಗಿರಣಿ ಕೇರಿಯಲ್ಲಿ, ಅವಳು ಚಿಕ್ಕವಳಿದ್ದಾಗ, ಬುಗುರಿ ಗಂಡುಹುಡುಗರದು. ಹೆಣ್ಣುಹುಡುಗಿಯರಿಗೆ ಕುಂಟಾಬಿಲ್ಲೆ, ಕಲ್ಲಾಟ, ಮತ್ತು ಸೊಂಟದ ಮೇಲೊಂದು ಕೂಸು. ದಿಯೊಲಿಂದಾ ತಮ್ಮನನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತು ಅಣ್ಣ ಅಲ್ಬಾನು ಆಡುವುದನ್ನು ನೋಡುತ್ತಿದ್ದಳು. ಅಣ್ಣ ಗಿರಣಿಗೆ ಹೋಗತೊಡಗಿದ ಮೇಲೆ ಅವನ ಬುಗುರಿಯನ್ನು ಕದ್ದೊಯ್ದು, ಗಿರಣಿಯ ಬಣ್ಣ ಅದ್ದುವ ಕೋಣೆಯ ಹಿಂದಿನ ಅಂಗಳದಲ್ಲಿ ಒಬ್ಬಳೇ ಆಡಿ ಕಲಿತಳು. ಅಲ್ಬಾನುಗೆ ಇದು ಗೊತ್ತಿತ್ತು. ಅಮ್ಮನಿಗೆ ಹೇಳಲಿಲ್ಲ. ಅವಳಿಗೂ ಹನ್ನೆರಡು ತುಂಬುತ್ತಲೇ ಗಿರಣಿಯ ಬಾಗಿಲು ತೆರೆಯಿತು. ನೇಯ್ದ ಬಟ್ಟೆಯಲ್ಲಿನ ನೂಲಿನ ಗಂಟು ತೆಗೆಯುವ ಮೇಜಿನ ಮುಂದೆ ಕೂತವಳು ಅಲ್ಲಿಂದ ಎದ್ದದ್ದು ಕೂದಲು ನರೆತ ಮೇಲೆಯೇ. ಅಲ್ಬಾನು ಹರೆಯದಲ್ಲೇ, ಸೈನ್ಯದ ಕರೆ ಬಂದಾಗ ಆಫ್ರಿಕಾದ ಯುದ್ಧಕ್ಕೆ ಹೋಗಲೊಲ್ಲದೆ ಗಡಿ ದಾಟಿ ಫ್ರಾನ್ಸ್ ಸೇರಿದ್ದ. ಬುಗುರಿ ಅವಳಲ್ಲೇ ಉಳಿದಿತ್ತು.

"ಸುಳ್ಳು," ಎಂದ ಸಿಮಾಂವ್ ಮೇಜಿನ ಕೆಳಗಿಂದ. "ಅಜ್ಜಿಗೆ ಬುಗುರಿ ಆಡೋಕೆ ಬರಲ್ಲ."

ಅಷ್ಟು ಸಾಕಾಯಿತು. ದಿಯೊಲಿಂದಾ ಕೈ ಒರೆಸಿಕೊಂಡು, ಹುರಿಯ ತುಂಡೊಂದನ್ನು ಮೊಳೆಯಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ಅಡುಗೆಮನೆಯ ನೆಲದ ಮೇಲೆ ಬೀಸಿಯೇಬಿಟ್ಟಳು. ಬುಗುರಿ ನೆಲ ಮುಟ್ಟಲಿಲ್ಲ. ಹಾರಿಹೋಗಿ ಗೋಡೆಯ ಮೇಲಿದ್ದ ಗಂಡನ ಫೋಟೊಗೆ ಬಡಿಯಿತು. ಗಾಜು ಸಿಡಿದು ಎರಡಾಯಿತು.

ಮಕ್ಕಳಿಬ್ಬರೂ ಅಜ್ಜಿಯ ಮುಖ ನೋಡಿದರು.

"ಪಾಪ, ಔರೇಲ್ಯು!" ಎಂದಳು ದಿಯೊಲಿಂದಾ. "ಬದುಕಿದ್ದಾಗ ಒಂದು ದಿನಾನೂ ನನ್ನ ಕೈಲಿ ಏಟು ತಿಂದಿರ್ಲಿಲ್ಲ." ಅಷ್ಟು ಹೇಳಿ ಅವಳಿಗೇ ನಗು ತಡೆಯದೆ ಕುರ್ಚಿಯ ಮೇಲೆ ಕುಸಿದಳು. ಸಿಮಾಂವ್ ಮೇಜಿನ ಕೆಳಗಿನಿಂದ ತೆವಳಿ ಬಂದು, "ಇನ್ನೊಂದ್ಸಲ! ಅಜ್ಜಿ, ಇನ್ನೊಂದ್ಸಲ ಅಜ್ಜಂಗೆ ಹೊಡಿ!" ಎಂದು ಕುಣಿದ.

ಇನ್ನೊಂದು ಸಲ ಆಡಲು ಮನೆಯ ಹೊರಗೆ ಹೋದರು. ಬಟ್ಟೆ ಒಗೆಯುವ ಹಳೆಯ ಕಲ್ಲುತೊಟ್ಟಿಯ ಪಕ್ಕ, ಆ ಇಳಿಜಾರು ಊರಿನಲ್ಲಿ ಅಪರೂಪಕ್ಕೆಂಬಂತೆ, ಒಂದಿಷ್ಟು ಸಮತಟ್ಟಾದ ಮಣ್ಣುನೆಲವಿತ್ತು. ಅಲ್ಲಿ ಎರಡು ಸಲ ಬುಗುರಿ ಅಡ್ಡಬಿದ್ದು ಉರುಳಿತು. ಮೂರನೆಯದಕ್ಕೆ ದಿಯೊಲಿಂದಾಳ ಮಣಿಕಟ್ಟಿಗೆ ತಾನೇ ಎಲ್ಲಿಂದಲೋ ನೆನಪು ಬಂದಂತಾಗಿ, ಬುಗುರಿ ಮಣ್ಣಿಗೆ ಮೊಳೆಯೂರಿ ಗುಂಯ್ ಎಂದು ನಿಂತಿತು. ಅವಳು ಮಂಡಿ ಹಿಡಿದುಕೊಂಡು ಬಗ್ಗಿ, ತೋರುಬೆರಳು ನಡುಬೆರಳುಗಳ ಸಂದಿಯಿಂದ ಅದನ್ನು ಅಂಗೈಗೆ ಎತ್ತಿಕೊಂಡು, ಸಿಮಾಂವನ ಅಂಗೈಗೆ ದಾಟಿಸಿದಳು.

"ಅಯ್ಯಯ್ಯೋ, ಕಚಗುಳಿ!" ಎಂದು ಅವನು ಕಿರುಚಿದ. ಆದರೆ ಕೈ ಎಳೆದುಕೊಳ್ಳಲಿಲ್ಲ. ಬುಗುರಿ ತೂಕಡಿಸಿ ಒರಗುವವರೆಗೂ ಬಾಯಿ ತೆರೆದುಕೊಂಡೇ ನಿಂತಿದ್ದ.

ಎದುರಿನ ಕಾಫಿ ಅಂಗಡಿಯ ಬಾಗಿಲಲ್ಲಿ ಇಸ್ಪೀಟು ಆಡುತ್ತಿದ್ದ ಎವರಿಸ್ತು ಇದನ್ನೆಲ್ಲ ನೋಡುತ್ತಿದ್ದ. ಅಲ್ಬಾನುವಿನ ಓರಗೆಯವನು; ಹುಡುಗನಾಗಿದ್ದಾಗ ಇಡೀ ಕೇರಿಯ ಬುಗುರಿಗಳನ್ನು ಸೋಲಿಸಿ ಮೆರೆದವನು.

"ಏನ್ ದಿಯೊಲಿಂದಾ, ಎರಡನೇ ಬಾಲ್ಯ ಶುರುವಾಯ್ತೋ?" ಎಂದ.

"ನಂಗೆ ಮೊದಲನೇದೇ ಸಿಕ್ಕಿರ್ಲಿಲ್ಲ ಮಾರಾಯ, ಈಗ ಬಾಕಿ ತೀರಿಸ್ಕೊತಿದೀನಿ."

"ಆ ಪುಟ್ಟ ಹುಡುಗಂಗೆ ಕಲಿಸು. ಹುಡುಗಿಗ್ಯಾಕೆ? ಹುಡುಗೀರ ಕೈಗೆ ಬುಗುರಿ ಒಗ್ಗಲ್ಲ."

ಬೆನೆದಿತಾ ಹುರಿ ಸುತ್ತುತ್ತಿದ್ದವಳು ತಲೆಯೆತ್ತಿದಳು. ಅವಳಿಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತಿತ್ತು. "ತಾತ, ನಿಮ್ ಬುಗುರಿ ಇದ್ಯಾ ಇನ್ನೂ? ಶನಿವಾರ ತನ್ನಿ ನೋಡಣ."

ಅಂಗಡಿಯ ಬಾಗಿಲಲ್ಲಿದ್ದವರೆಲ್ಲ ಹೋ ಎಂದರು. ಎವರಿಸ್ತು ಎಲೆಗಳನ್ನು ಮೇಜಿಗೆ ಬಡಿದು, "ತರ್ತೀನಿ ಕಣಮ್ಮ, ತರ್ತೀನಿ!" ಎಂದ.

ಮರುದಿನ ಶಾಲೆ ತೆರೆಯಿತು. ಆದರೆ ಆ ವಾರವೆಲ್ಲ ಮಕ್ಕಳು ಸಂಜೆ ನೇರವಾಗಿ ಅಜ್ಜಿಯಲ್ಲಿಗೇ ಬಂದರು. ಮಾರ್ಮೆಲಾಡವೆಂಬ ಹಣ್ಣಿನ ಸಿಹಿ ಹಚ್ಚಿದ ಬ್ರೆಡ್ಡನ್ನು ಬಾಯಿಗೆ ತುರುಕಿಕೊಂಡು ತೊಟ್ಟಿಯ ಬಳಿಗೆ ಓಡುತ್ತಿದ್ದರು. ಸಿಮಾಂವ್‌ಗೆ ಹುರಿ ಸುತ್ತುವ ತಾಳ್ಮೆ ಇರಲಿಲ್ಲ. ಅವನಿಗೆ ಅಂಗೈ ಕಚಗುಳಿ ಸಿಕ್ಕಿದರೆ ಸಾಕು. ಬೆನೆದಿತಾ ಮಾತ್ರ ಹಲ್ಲು ಕಚ್ಚಿ ಕಲಿತಳು. "ಎಸೀಬೇಡ್ವೆ, ಬೀಸಿ ಹಿಂದಕ್ಕೆಳಿ. ನಾಯಿ ಮರಿ ಬಾಯಿಂದ ಕಾಲ್ಚೀಲ ಕಿತ್ಕೊಳೋ ಹಾಗೆ," ಎಂದು ದಿಯೊಲಿಂದಾ ಹೇಳಿಕೊಡುತ್ತಿದ್ದಳು. ಮೊಮ್ಮಗಳ ಕೈ ಹಿಡಿದು ಆಡಿಸುವಾಗ ಆ ಎಳೆಯ ಮಣಿಕಟ್ಟಿನ ಬಿಸಿ ತಾಗಿ, ಇಷ್ಟು ವರ್ಷ ಇದನ್ನು ಡ್ರಾಯರಿನೊಳಗೆ ಯಾಕೆ ಇಟ್ಟುಕೊಂಡಿದ್ದೆನೋ ಎಂದು ಅವಳಿಗೇ ಆಶ್ಚರ್ಯವಾಗುತ್ತಿತ್ತು.

ಶನಿವಾರ ತೊಟ್ಟಿಯ ಸುತ್ತ ಜನ ಸೇರಿದರು. ಯಾರೋ ಚೆಸ್ಟ್‌ನಟ್ ಬೀಜ ಸುಟ್ಟು ತಂದಿದ್ದರು. ಎವರಿಸ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕರವಸ್ತ್ರದಲ್ಲಿ ಸುತ್ತಿದ್ದ ತನ್ನ ಬುಗುರಿಯನ್ನು ಬಿಚ್ಚಿದ. ಗಿರಣಿಯ ಬಡಗಿಯಾಗಿದ್ದ ಅವನ ಅಪ್ಪ ಕಡೆದುಕೊಟ್ಟದ್ದು. ಇದುವರೆಗೆ ಸೋಲಿನ ಗುನ್ನ ಒಂದೂ ಬಿದ್ದಿಲ್ಲವೆಂದು ಎಲ್ಲರಿಗೂ ತಿರುಗಿಸಿ ತಿರುಗಿಸಿ ತೋರಿಸಿದ. ಆಟದ ಕಟ್ಟಳೆ ಸರಳ: ಅವನು ನೆಲದಲ್ಲೆಳೆದ ದುಂಡು ಗೆರೆಯೊಳಗೆ ತನ್ನ ಬುಗುರಿ ಆಡಿಸಬೇಕು, ಬೆನೆದಿತಾ ತನ್ನದನ್ನು ಬೀಸಿ ಅದಕ್ಕೆ ತಾಕಿಸಬೇಕು, ತಾಕಿದ ಮೇಲೂ ಅವಳದು ತಿರುಗುತ್ತಿರಬೇಕು. ಸೋತ ಬುಗುರಿಗೆ ಗೆದ್ದವರ ಮೊಳೆಯಿಂದ ಒಂದು ಗುನ್ನ.

ಎವರಿಸ್ತು ಬೀಸಿದ. ಭುಜ ಮೇಲೇಳಲಿಲ್ಲ, ಬುಗುರಿ ಅವನ ಬೂಟಿನ ಮೇಲೇ ಬಿತ್ತು. ಜನ ನಕ್ಕರು. ಮತ್ತೆ ಬೀಸಿದ; ಹುರಿ ಕೈಯಿಂದಲೇ ಜಾರಿತು. ಈ ಸಲ ಯಾರೂ ನಗಲಿಲ್ಲ. ದಿಯೊಲಿಂದಾ ಹತ್ತಿರ ಹೋಗಿ ಮೆಲ್ಲಗೆ, "ಮೇಲಿಂದ ಬೇಡ ಎವರಿಸ್ತು, ಪಕ್ಕದಿಂದ ಬೀಸು. ನಂಗೂ ಭುಜ ಏಳಲ್ಲ," ಎಂದಳು. ಅವನು ಅವಳ ಮುಖ ನೋಡದೆ ತಲೆಯಾಡಿಸಿದ. ಪಕ್ಕದಿಂದ ಬೀಸಿದಾಗ ಬುಗುರಿ ಗೆರೆಯ ನಟ್ಟನಡುವೆ ಕೂತು, ನಿದ್ದೆ ಹೋದಂತೆ ಅಲುಗದೆ ತಿರುಗಿತು.

"ಹೊಡಿ ಬೆನೆದಿತಾ!" ಎಂದು ಸಿಮಾಂವ್ ಕೂಗಿದ.

ಅವಳು ಬೀಸಿದಳು. ಟಕ್ ಎಂದು ಸದ್ದಾಯಿತು. ಎವರಿಸ್ತುವಿನ ಬುಗುರಿ ಗೆರೆಯಾಚೆ ಉರುಳಿತು. ಅವಳದು ಓಲಾಡುತ್ತ, ಬಿದ್ದೇ ಹೋಯಿತೆನ್ನುವಷ್ಟು ವಾಲಿ, ಮತ್ತೆ ಎದ್ದು ನಿಂತು ತಿರುಗಿತು.

ಕೂಗಾಟ ಅಡಗಿದ ಮೇಲೆ ಬೆನೆದಿತಾ ಗುನ್ನ ಹಾಕಲು ಕುಕ್ಕರುಗಾಲಲ್ಲಿ ಕೂತಳು. ಆದರೆ ಆ ನುಣುಪು ಮರವನ್ನು ನೋಡಿ ಕೈ ತಡೆಯಿತು. ಅವಳು ಅಜ್ಜಿಯ ಕಡೆ ನೋಡಿದಳು. ಎವರಿಸ್ತುವಿನ ಅಪ್ಪ ಕೈಯಾರೆ ಕಡೆದದ್ದು ಅದು.

"ಬೇಡ ಬಿಡಿ ತಾತ," ಎಂದಳು ಹುಡುಗಿ.

"ಏನ್ ಬೇಡ?" ಎವರಿಸ್ತು ಗದರಿದ. "ಹುಡುಗ ಆಗಿದ್ರೆ ಬಿಡ್ತಿದ್ನಾ? ನೀನು ಆಡಿದೀಯ, ಗೆದ್ದಿದೀಯ. ಹೊಡಿ, ಸರಿಯಾಗಿ ಹೊಡಿ!"

ಅವಳು ಹೊಡೆದಳು. ಎವರಿಸ್ತು ಬುಗುರಿಯನ್ನೆತ್ತಿ, ಗುನ್ನದ ಮೇಲೆ ಹೆಬ್ಬೆರಳಾಡಿಸಿ, "ಒಳ್ಳೇ ಆಳ ಇದೆ," ಎಂದ. ಆಮೇಲೆ ದಿಯೊಲಿಂದಾಳ ಕಡೆ ತಿರುಗಿ, "ಆಗ್ಲೇ ಬರ್ಬೇಕಿತ್ತು ಕಣೆ ನೀನು ಆಟಕ್ಕೆ. ಅಲ್ಬಾನುಗಿಂತ ನೀನೇ ವಾಸಿ ಇದ್ದಿರ್ತಿದ್ದೆ," ಎಂದ.

ದಿಯೊಲಿಂದಾ ಸೆರಗಿಲ್ಲದ ಊರಿನ ಹೆಂಗಸು. ಏಪ್ರನ್ನಿನ ಅಂಚಿನಿಂದ ಮೂಗೊರೆಸಿಕೊಂಡಳು. "ಕರೆದಿದ್ಯಾ ನೀನು?" ಎಂದಳು ಅಷ್ಟೇ.

ಪಾಳಿ ಮುಗಿಸಿ ಬಂದ ಒದೇತ್ ಇದಿಷ್ಟನ್ನೂ ಜನರ ಹಿಂದೆ ನಿಂತು ನೋಡಿದ್ದಳು. ಆಸ್ಪತ್ರೆಯ ಬಿಳಿ ಬೂಟು ಇನ್ನೂ ಕಾಲಲ್ಲೇ ಇತ್ತು. ಜನ ಚೆದುರಿದ ಮೇಲೆ ತಾಯಿಯ ಪಕ್ಕ ಬಂದು ಕೂತು, ಬುಗುರಿಯನ್ನು ಕೈಗೆತ್ತಿಕೊಂಡಳು.

"ನಂಗ್ಯಾಕಮ್ಮ ಕಲಿಸ್ಲಿಲ್ಲ ಇದನ್ನ?"

ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ದಿಯೊಲಿಂದಾ ಕತ್ತಲಿರುವಾಗಲೇ ಗಿರಣಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದಳು. ಅಂಗಡಿಯಿಂದ ಕಣ್ಣು ಮುಚ್ಚಿ ತೆರೆಯುವ ಗೊಂಬೆ ತಂದುಕೊಟ್ಟು, ತನ್ನ ಮಗಳಿಗೆ ಮರದ ತುಂಡು ಹಿಡಿದು ಮಣ್ಣಲ್ಲಾಡುವ ಗತಿ ಬರಲಿಲ್ಲವೆಂದು ಹೆಮ್ಮೆಪಟ್ಟಿದ್ದಳು.

"ನಿಂಗೆ ಒಳ್ಳೇದೇ ಕೊಡ್ಬೇಕು ಅಂತಿತ್ತು ಕಣೆ," ಎಂದಳು. "ಯಾವುದು ಒಳ್ಳೇದು ಅಂತ ಆಗ ಗೊತ್ತಾಗ್ಲಿಲ್ಲ."

ಒದೇತ್ ತಾಯಿಯ ಭುಜಕ್ಕೆ ತಲೆ ಒರಗಿಸಿದಳು. ಆಮೇಲೆ, "ಸರಿ, ಎಲ್ಲಿಂದ ಸುತ್ಬೇಕು?" ಎಂದು ಹುರಿ ಕೇಳಿದಳು.

"ಕೆಳಗಿಂದಮ್ಮ, ಮೊಳೆಯಿಂದ! ಅಷ್ಟೂ ಗೊತ್ತಿಲ್ವಾ?" ಎಂದು ಬೆನೆದಿತಾ ಮೂದಲಿಸಿದಳು.

ಒದೇತ್ ಎದ್ದು ನಿಂತು ಬಲವೆಲ್ಲ ಹಾಕಿ ಬೀಸಿದಳು. ಬುಗುರಿ ಮಣ್ಣುನೆಲವನ್ನು ಹಾರಿ, ಕಲ್ಲುಮೆಟ್ಟಿಲ ಮೇಲೆ ಟಕಟಕನೆ ಪುಟಿಯುತ್ತ ಕೆಳಗಿನ ಬೀದಿಯ ಕಡೆಗೆ ಹೊರಟಿತು. ಸಿಮಾಂವ್ ಕೂಗುತ್ತ ಅದರ ಬೆನ್ನು ಹತ್ತಿದ. ಅವನ ಹಿಂದೆ ಅಕ್ಕ, ಅವಳ ಹಿಂದೆ ಬಿಳಿ ಬೂಟಿನ ತಾಯಿ. "ಮೆಟ್ಟಿಲು ಜಾರುತ್ತೆ, ಜೋಪಾನ!" ಎಂದು ದಿಯೊಲಿಂದಾ ಮೇಲಿನಿಂದ ಕೂಗಿ, ಪಕ್ಕದ ಕಂಬಿ ಹಿಡಿದುಕೊಂಡು ತಾನೂ ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.